ಧರ್ಮಕ್ಕೆ ಕೊಟ್ಟ ಕಾಯಿಬೆಲ್ಲ

ಕಾಪು ಮತ್ತು ಎರ್ಮಾಳಿನ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿದರೆ ಸಿಗುವ ಒಂದು ರೆಸಾರ್ಟಿನಲ್ಲಿ ನಾನು ಒಂಬತ್ತು ವರ್ಷ ನೀರುದೋಸೆ ಹೊಯ್ದೆ. ಮೊದಲ ಆರು ವರ್ಷ ಅಲ್ಲಿ ಉಳಿದುಕೊಂಡವರಿಗೆ ನನ್ನ ದೋಸೆ ಧರ್ಮಕ್ಕೆ. ನಮ್ಮ ಕಡೆ ದುಡ್ಡು ಕೊಡದೆ ಸಿಕ್ಕಿದ್ದಕ್ಕೆ ಹಾಗೆನ್ನುತ್ತಾರೆ. ಕೊನೆಯ ಮೂರು ವರ್ಷ ಕೂಪನ್ನಿಗೆ. ಹಿಟ್ಟು ಅದೇ, ಕಾವಲಿ ಅದೇ, ಕೈಯೂ ನನ್ನದೇ. ಬದಲಾದದ್ದು ತಟ್ಟೆ ಹಿಡಿದು ನಿಂತವರು ನನ್ನನ್ನು ನೋಡುವ ರೀತಿ.

ಗಂಡ ಸೊಂಟನೋವು ಕಟ್ಟಿಕೊಂಡು ಗಲ್ಫಿನಿಂದ ಹಿಂದೆ ಬಂದ ವರ್ಷ ನಾನು ಅಲ್ಲಿಗೆ ಸೇರಿದ್ದು. ಉಚ್ಚಿಲದ ನಮ್ಮ ಮನೆಗೆ ಅಲ್ಲಿನ ಹಳೆಯ ಮ್ಯಾನೇಜರರೇ ಹುಡುಕಿಕೊಂಡು ಬಂದಿದ್ದರು. ಆರು ದೋಸೆ ತಿಂದು ಕೈ ತೊಳೆದು, "ನಾಳೆಯಿಂದ ಬನ್ನಿ ಅಕ್ಕ, ನಮಗೆ ಅಡಿಗೆಭಟ್ಟರು ಬೇಡ, ಮನೆಯವರು ಬೇಕು" ಎಂದರು. ನಾನು ಪಿಯುಸಿ ಓದಿದವಳು. ಗ್ರಂಥಾಲಯದ ಪುಸ್ತಕ ಬಿಟ್ಟರೆ ಆ ಓದು ಯಾವುದಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ. ಬೆಳಿಗ್ಗೆ ಅವರೇ ಕೊಟ್ಟ ಹಸಿರು ಅಂಚಿನ ಸೀರೆ, ತಲೆಗೆ ಮಲ್ಲಿಗೆ, ಎದುರಿಗೆ ಮೂರು ಕಾವಲಿ. ಕೆಲಸ ನನಗೆ ಇಷ್ಟವಾಯಿತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಲಾರೆ.

ಆ ಕಾಲದಲ್ಲಿ ಕೋಣೆಯ ಬಾಡಿಗೆ ಕೊಟ್ಟರೆ ಮುಗಿಯಿತು. ರೆಸಾರ್ಟಿನದ್ದೇ ಆದ ನೀರಿನ ಪಾರ್ಕಿಗೆ ಬಂದ ದಿನವೂ ಹೊರಡುವ ದಿನವೂ ಪ್ರವೇಶ ಅದರಲ್ಲೇ ಬರುತ್ತಿತ್ತು. ಹೊರಗಿನವರಿಗೆ ಗೇಟು ತೆರೆಯುವ ಮೊದಲು ಒಂದು ಗಂಟೆ ಉಳಿದುಕೊಂಡವರ ಮಕ್ಕಳಿಗೇ ಮೀಸಲು. ಖಾಲಿ ಜಾರುಬಂಡಿಗಳಲ್ಲಿ ಅವರು ಕಿರುಚುವುದು ನನ್ನ ಕಾವಲಿಯವರೆಗೂ ಕೇಳುತ್ತಿತ್ತು. ತೇಲುವ ಟ್ಯೂಬಿಗೆ ಬಾಡಿಗೆ ಇಲ್ಲ, ಟವೆಲಿಗೆ ಠೇವಣಿ ಇಲ್ಲ. ಸಂಜೆ ನಾಲ್ಕಕ್ಕೆ ಚಹಾ ಮತ್ತು ಬಿಸಿ ಗೋಳಿಬಜೆ. ಉಡುಪಿ ಸ್ಟೇಷನ್ನಿನಿಂದ ಕರೆತರಲು ವ್ಯಾನು. ದೋಸೆಯ ಜೊತೆ ಚಟ್ನಿ, ಕೋಳಿಸಾರು ಅಥವಾ ಕಾಯಿಬೆಲ್ಲ. ತೆಂಗಿನ ತುರಿಗೆ ಬೆಲ್ಲ, ಚಿಟಿಕೆ ಏಲಕ್ಕಿ ಕಲಸಿದರೆ ಆಯಿತು, ದೊಡ್ಡ ವಿದ್ಯೆಯೇನಲ್ಲ. ಆದರೆ ಮಕ್ಕಳು ಅದಕ್ಕಾಗಿಯೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಹಾಗೆ ನಿಲ್ಲುತ್ತಿದ್ದವರಲ್ಲಿ ಕಾರ್ಕಳದ ಒಬ್ಬ ನಿವೃತ್ತ ಮಾಷ್ಟ್ರು ಮತ್ತು ಅವರ ಮೊಮ್ಮಗಳು ಇದ್ದರು. ಪ್ರತಿ ವರ್ಷ ಬೇಸಗೆ ರಜೆಯಲ್ಲಿ ಎರಡು ರಾತ್ರಿಗೆ ಬರುತ್ತಿದ್ದರು. ಪಿಂಚಣಿಯಲ್ಲಿ ಮಾಡುವ ಒಂದೇ ಖರ್ಚು ಇದು ಎಂದು ಅವರೇ ಹೇಳುತ್ತಿದ್ದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಹಾಗಾಗಿ ನಮ್ಮ ಮಾತು ಕನ್ನಡದಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರಾದ್ದರಿಂದ ದೋಸೆ ಕೇಳುವಾಗಲೂ ವಾಕ್ಯ ಪೂರ್ತಿ ಮಾಡಿಯೇ ಕೇಳುತ್ತಿದ್ದರು. ಮೊಮ್ಮಗಳು ಮೊದಲ ಸಲ ಬಂದಾಗ ಮುಂದಿನ ಎರಡು ಹಲ್ಲು ಇರಲಿಲ್ಲ. ಕಾಯಿಬೆಲ್ಲ ಕೊಟ್ಟರೆ ಗಲ್ಲಕ್ಕೆಲ್ಲ ಮೆತ್ತಿಕೊಳ್ಳುತ್ತಿದ್ದಳು. ಆಮೇಲೆ ಪ್ರತಿ ಸಲ ಬಂದಾಗಲೂ ಬ್ಯಾಗು ಕೋಣೆಯಲ್ಲಿ ಇಡುವ ಮೊದಲೇ ನನ್ನ ಕೌಂಟರಿಗೆ ಓಡಿ ಬರುತ್ತಿದ್ದಳು.

ಕೊರೊನಾದಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆದಾಗ ಮಾಲೀಕರು ಬೇರೆ, ಮ್ಯಾನೇಜರ್ ಬೇರೆ. ಹೊಸ ಮ್ಯಾನೇಜರ್ ನಮ್ಮ ಊರಿನ ಕಡೆಯವರೇ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಧರ್ಮಕ್ಕೆ ಸಿಗುತ್ತಿದ್ದದ್ದು ಒಂದೊಂದೇ ಹೋಗತೊಡಗಿತು. ಮೊದಲು ಗೋಳಿಬಜೆ ಹೋಗಿ ಬಿಸ್ಕತ್ತು ಬಂತು, ಆಮೇಲೆ ಬಿಸ್ಕತ್ತೂ ಹೋಗಿ ಕೋಣೆಯಲ್ಲಿ ಎರಡು ಚಹಾ ಪೊಟ್ಟಣ ಉಳಿಯಿತು. ವ್ಯಾನು ನಿಂತಿತು. ಟ್ಯೂಬಿಗೆ ಬಾಡಿಗೆ, ಲಾಕರಿಗೆ ಬಾಡಿಗೆ, ಕಾರು ನಿಲ್ಲಿಸಲು ಬೇರೆ. ಮಕ್ಕಳ ಆ ಬೆಳಗಿನ ಗಂಟೆಯನ್ನು ಪ್ರತ್ಯೇಕ ಟಿಕೇಟು ಮಾಡಿ ಮಾರಿದರು. ಇಷ್ಟೆಲ್ಲ ಕಿತ್ತುಕೊಂಡ ಮೇಲೆ ಬಿಲ್ಲಿನ ಕೊನೆಯಲ್ಲಿ "ರೆಸಾರ್ಟ್ ಶುಲ್ಕ" ಎಂದು ಇನ್ನೊಂದು ಸಾಲು ಸೇರಿತು. ಅದು ಯಾವುದಕ್ಕೆಂದು ರಿಸೆಪ್ಶನ್ನಿನವರಿಗೂ ಗೊತ್ತಿರಲಿಲ್ಲ.

ನಮಗೆಲ್ಲ ಒಂದು ಮಧ್ಯಾಹ್ನ ತರಬೇತಿ ಕೊಟ್ಟರು. ಅತಿಥಿಗಳ ಎದುರು "ಇಲ್ಲ" ಎಂಬ ಶಬ್ದ ಬಳಸಬಾರದಂತೆ. ಉಪ್ಪಿನಕಾಯಿ ಕೇಳಿದರೆ "ಅದು ಈಗ ಆಯ್ಕೆಯಾಗಿ ಲಭ್ಯವಿದೆ" ಎನ್ನಬೇಕು. ಎಲ್ಲರೂ ಎದ್ದು ನಿಂತು ಮೂರು ಸಲ ಹೇಳಿದೆವು. ತೋಟದ ಕೆಲಸದವರೂ ಹೇಳಿದರು.

ಮುಂದೆ ಬೆಳಗಿನ ತಿಂಡಿಯೂ ಬಾಡಿಗೆಯಿಂದ ಹೊರಗೆ ಬಂತು. ಒಬ್ಬರಿಗೆ ಒಂದು ಕೂಪನ್, ಒಂದು ಕೂಪನ್ನಿಗೆ ಎರಡು ದೋಸೆ. ನೀರುದೋಸೆ ಎರಡಕ್ಕೆ ನಿಲ್ಲುವ ತಿಂಡಿಯಲ್ಲ, ಅದು ನಮ್ಮ ಊರಿನ ಕೂಸಿಗೂ ಗೊತ್ತು. ಮೂರನೆಯದನ್ನು ಕೇಳಿದವರಿಗೆ ಕೂಪನ್ ತೋರಿಸಿ ಎನ್ನಬೇಕಾದವಳು ನಾನು. ಮಾಲೀಕರು ಎದುರಿಗೆ ಇರಲಿಲ್ಲ, ಮ್ಯಾನೇಜರ್ ಒಳಗೆ ಇದ್ದರು, ಬೈಗುಳಕ್ಕೆ ಸಿಗುತ್ತಿದ್ದವಳು ನಾನೊಬ್ಬಳೇ. "ಅಕ್ಕಿ ನೀವು ಮನೆಗೆ ಹೊತ್ತುಕೊಂಡು ಹೋಗ್ತೀರಾ ಎಂತ?" ಎಂದು ಒಬ್ಬರು ಎಲ್ಲರೆದುರು ಕೇಳಿದರು. ನಾನು ನಕ್ಕೆ. ನಗಬೇಕೆಂದೂ ತರಬೇತಿಯಲ್ಲಿ ಹೇಳಿದ್ದರು.

ತೆಂಗಿನಕಾಯಿ ದುಬಾರಿಯಾದ ವರ್ಷ ಕಾಯಿಬೆಲ್ಲವನ್ನು ಪಟ್ಟಿಯಿಂದಲೇ ತೆಗೆದರು. ಆ ಬೇಸಗೆಯಲ್ಲಿ ಮಾಷ್ಟ್ರು ಬಂದರು. ಅವರ ಮುಖ ಮೊದಲಿನಂತಿರಲಿಲ್ಲ. "ಎಂತ ಮಾರಾಯ್ತಿ, ಗೇಟಿನಿಂದ ಇಲ್ಲಿಗೆ ಬರುವುದರೊಳಗೆ ನಾಲ್ಕು ಕಡೆ ಹಣ ಕೇಳಿದರು" ಎಂದು ಹೇಳಿ ಕೂಪನ್ ಮುಂದಿಟ್ಟರು. ಮೊಮ್ಮಗಳು ಉದ್ದ ಬೆಳೆದಿದ್ದಳು. ತಟ್ಟೆ ನೋಡಿ, "ಕಾಯಿಬೆಲ್ಲ ಇಲ್ವಾ ಆಂಟಿ?" ಎಂದಳು. ಕಲಿಸಿದ ವಾಕ್ಯ ನನ್ನ ಬಾಯಿಂದ ಹೊರಡಲಿಲ್ಲ. "ಇಲ್ಲ ಮಗಾ, ನಾಳೆ ತರ್ತೇನೆ" ಎಂದುಬಿಟ್ಟೆ.

ಮರುದಿನ ಐದು ಗಂಟೆಗೆ ಎದ್ದು ನಮ್ಮ ಅಂಗಳದ ಮರದ ಕಾಯಿ ತುರಿದು, ಬೆಲ್ಲ ಕಲಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ ಒಯ್ದೆ. ಹುಡುಗಿ ಎರಡು ಸಲ ಹಾಕಿಸಿಕೊಂಡಳು. ಮಾಷ್ಟ್ರೂ ಸ್ವಲ್ಪ ತಿಂದರು. "ನೀವು ಇರುವುದರಿಂದ ಇಲ್ಲಿಗೆ ಬರುವುದು" ಎಂದರು. ಅಷ್ಟರಲ್ಲಿ ಮ್ಯಾನೇಜರ್ ಆ ಕಡೆ ಬಂದರು. ನಾನು ಡಬ್ಬಿಯನ್ನು ಪಾತ್ರೆಯ ಹಿಂದೆ ಸರಿಸಲು ಹೋದೆ. ಅವರು ಒಂದು ಚಮಚ ತೆಗೆದುಕೊಂಡು ರುಚಿ ನೋಡಿ, "ಮನೆಯಿಂದ ತಂದದ್ದಾ ಅಕ್ಕ? ಲಾಯ್ಕುಂಟು" ಎಂದು ನಗುತ್ತಾ ಹೋದರು. ಅವರ ಬಗ್ಗೆ ನಾನು ಎಷ್ಟೆಲ್ಲ ಕೆಟ್ಟದ್ದು ಯೋಚಿಸಿದ್ದೆನಲ್ಲ ಎಂದು ಆ ದಿನ ಪಶ್ಚಾತ್ತಾಪಪಟ್ಟೆ. ಒಂದು ಬಟ್ಟಲು ತುಂಬಿಸಿ ಅವರ ಕೋಣೆಗೂ ಕಳಿಸಿದೆ.

ಮಾಷ್ಟ್ರು ಹೊರಡುವ ದಿನ ಬೆಳಿಗ್ಗೆಯೂ ಡಬ್ಬಿ ಒಯ್ದಿದ್ದೆ. ತಿಂದು ಹೋದ ಅರ್ಧ ಗಂಟೆಗೆ ಮಾಷ್ಟ್ರು ತಿರುಗಿ ಬಂದರು. ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಅವರು ಸಾಲು ದಾಟಿ ಬಂದು ಬಿಲ್ಲನ್ನು ನನ್ನ ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟರು.

"ಇದು ಎಂತ, ಓದಿ."

ಓದಿದೆ. ಇಂಗ್ಲಿಷಿನಲ್ಲಿ ಬರೆದಿತ್ತು: ಮನೆಯಲ್ಲಿ ಮಾಡಿದ ಸಿಹಿ, ಐದು. ಅದರ ಎದುರಿಗಿದ್ದ ಮೊತ್ತಕ್ಕೆ ನಮ್ಮ ಉಚ್ಚಿಲದಲ್ಲಿ ಒಂದು ಮೂಟೆ ತೆಂಗಿನಕಾಯಿ ಬರುತ್ತಿತ್ತೋ ಏನೋ.

"ನಾನು ಬರೆಸಿದ್ದಲ್ಲ ಮಾಷ್ಟ್ರೆ."

"ನಿಮ್ಮ ಡಬ್ಬಿ, ನಿಮ್ಮ ಕೈ. ಎಷ್ಟು ಸಲ ಹಾಕಿದ್ದು ಎಂದು ಲೆಕ್ಕ ಸಮೇತ ಉಂಟು. ನೀವು ಹೇಳದೆ ಅವರಿಗೆ ಹೇಗೆ ಗೊತ್ತಾಗುವುದು?"

"ದೇವರಾಣೆ..."

"ದೇವರು ಬೇಡ. ಬೆಲೆ ಮೊದಲೇ ಹೇಳಿದ್ದರೆ ನಾನು ಕೊಡುತ್ತಿದ್ದೆ. ಪ್ರೀತಿಯಿಂದ ಕೊಟ್ಟ ಹಾಗೆ ಮಾಡಿ ಹಿಂದಿನಿಂದ ಬರೆಸುವುದುಂಟಲ್ಲ, ಅದು ಸಣ್ಣತನ."

ಹುಡುಗಿ ಸ್ವಲ್ಪ ದೂರದಲ್ಲಿ ಬ್ಯಾಗು ಹಿಡಿದು ನಿಂತು ತನ್ನ ಚಪ್ಪಲಿ ನೋಡುತ್ತಿದ್ದಳು. ಕಾವಲಿಯ ಮೇಲಿದ್ದ ದೋಸೆ ಕರಟಿತು. ನಾನು ಮುಚ್ಚಳ ತೆಗೆಯುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಒಲೆ ಆರಿಸಿ ನೇರ ಮ್ಯಾನೇಜರರ ಕೋಣೆಗೆ ಹೋದೆ. ಅವರು ಆಶ್ಚರ್ಯದಿಂದ ನೋಡಿದರು. ಬಡಿಸುವವನಿಂದ ಬಟ್ಟಲು ಲೆಕ್ಕ ಹಾಕಿಸಿದ್ದನ್ನು ಅವರೇ ಹೇಳಿದರು, ಮುಚ್ಚಿಡಲಿಲ್ಲ.

"ಕೌಂಟರ್ ನಮ್ಮದು, ಪ್ಲೇಟು ನಮ್ಮದು ಅಕ್ಕ. ಅಲ್ಲಿಂದ ಹೋದದ್ದಕ್ಕೆಲ್ಲ ಬಿಲ್ ಆಗಬೇಕು."

"ಅದು ನಮ್ಮ ಮನೆಯ ಕಾಯಿ ಸರ್."

"ಹಾಗಾದ್ರೆ ಹೊರಗಿನ ಆಹಾರ ಆಯ್ತು. ಅದಕ್ಕೆ ದಂಡ ಇನ್ನೂ ಜಾಸ್ತಿ ಉಂಟು. ನಾನು ಕಡಿಮೆಯದ್ದೇ ಹಾಕಿಸಿದ್ದು." ಆಮೇಲೆ ಕುರ್ಚಿ ಮುಂದೆ ಎಳೆದುಕೊಂಡು, "ನಾಳೆಯಿಂದ ಸ್ವಲ್ಪ ಜಾಸ್ತಿ ತರ್ಲಿಕ್ಕೆ ಆಗ್ತದಾ? ಒಳ್ಳೆ ಬೇಡಿಕೆ ಬರಬಹುದು" ಎಂದರು.

ಅವರು ನನ್ನನ್ನು ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. ನಾನು ತರಲಾಗುವುದಿಲ್ಲ ಎಂದು ಎದ್ದು ಬಂದೆ. ಆ ಕ್ಷಣದಲ್ಲೇ ಕೆಲಸ ಬಿಡಬೇಕಿತ್ತು. ಗಂಡನ ಔಷಧಿ, ಮಗಳ ಕಾಲೇಜು ನೆನಪಾಗಿ ಮತ್ತೆ ಒಲೆ ಹಚ್ಚಿದೆ.

ಒಂದು ವಾರ ನಿದ್ದೆ ಸರಿಯಾಗಲಿಲ್ಲ. ವಾರದ ರಜೆಯ ದಿನ ಪಡುಬಿದ್ರಿಗೆ ಹೋಗಿ ಕಾರ್ಕಳದ ಬಸ್ಸು ಹತ್ತಿದೆ. ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ದಾಟಿ ಬೆಳ್ಮಣ್ಣಿಗೆ ಬರುವಷ್ಟರಲ್ಲಿ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆನೆಕೆರೆಯ ಹತ್ತಿರ ಮನೆ ಎಂದು ಅವರು ಯಾವಾಗಲೋ ಹೇಳಿದ್ದರು. ಒಂದು ಜೀನಸಿನ ಅಂಗಡಿಯಲ್ಲಿ ಕೇಳಿದಾಗ ತೋರಿಸಿದರು.

ಮಾಷ್ಟ್ರು ನನ್ನನ್ನು ಕಂಡು ಒಳಗೆ ಕರೆದರು. ಆಮೇಲೆ ಕೂರಿಸಿದರು, ಮಜ್ಜಿಗೆ ತರಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ ಅವರು ಕೇಳಿದರು:

"ನಿಮ್ಮನ್ನು ಅವರು ಕಳಿಸಿದ್ದಾ?"

"ಯಾರು ಮಾಷ್ಟ್ರೆ?"

"ರೆಸಾರ್ಟಿನವರು. ನಾನು ಬರೆದದ್ದನ್ನು ತೆಗೆಸಲಿಕ್ಕೆ."

ಬರೆದದ್ದು ಯಾವುದೆಂದು ನನಗೆ ಗೊತ್ತೇ ಇರಲಿಲ್ಲ. ಮೊಮ್ಮಗಳನ್ನು ಕರೆದರು. ಅವಳು ಫೋನು ತಂದು, ನನ್ನ ಮುಖ ನೋಡದೆ ಓದಿದಳು. ಅಂತರ್ಜಾಲದಲ್ಲಿ, ರೆಸಾರ್ಟಿನ ಹೆಸರಿನ ಕೆಳಗೆ, ಅಭಿಪ್ರಾಯ ಹಾಕುವ ಜಾಗದಲ್ಲಿ ಮಾಷ್ಟ್ರು ಹೇಳಿ ಬರೆಸಿದ್ದರು. ಶುಲ್ಕಗಳ ಬಗ್ಗೆ, ಟ್ಯೂಬಿನ ಬಗ್ಗೆ, ಮಕ್ಕಳ ಗಂಟೆ ಮಾರಿದ್ದರ ಬಗ್ಗೆ ಬರೆದದ್ದೆಲ್ಲ ಸರಿಯೇ ಇತ್ತು. ಕೊನೆಗೆ ಈ ವಾಕ್ಯ: "ಹಳೆಯ ಪರಿಚಯದ ಸೋಗಿನಲ್ಲಿ ತಿನಿಸಿ ಹಣ ಕೀಳುವ ನೀರುದೋಸೆಯ ಹೆಂಗಸಿನ ಬಗ್ಗೆ ಎಚ್ಚರವಿರಲಿ." ಚೊಕ್ಕ ಕನ್ನಡ. ಓದುತ್ತಾ ಹುಡುಗಿಯ ಸ್ವರ ಸಣ್ಣದಾಯಿತು.

"ಮಾಷ್ಟ್ರೆ, ಅದೊಂದು ಸಾಲು ತೆಗೀರಿ. ಉಳಿದದ್ದು ಇರಲಿ."

"ತೆಗೀಲಿಕ್ಕೆ ಆಗ್ತದೆ ಅಜ್ಜ, ಎರಡು ನಿಮಿಷದ ಕೆಲಸ" ಎಂದಳು ಹುಡುಗಿ.

ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು. ನಾನು ಹೇಳಿದ್ದನ್ನು ನಂಬಿದರೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ನಂಬಿದರೂ, ತಾನು ಬರೆಸಿದ ವಾಕ್ಯ ತಪ್ಪೆಂದು ಮೊಮ್ಮಗಳ ಎದುರು ಒಪ್ಪಿಕೊಳ್ಳುವುದು ಅವರಿಗೆ ಕಷ್ಟವಾಗಿರಬೇಕು. "ನೋಡುವ" ಎಂದರು. ನಮ್ಮ ಜಿಲ್ಲೆಯಲ್ಲಿ "ನೋಡುವ" ಎಂದರೆ ಆಗುವುದಿಲ್ಲವೆಂದೇ ಅರ್ಥ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಬಸ್ಸಿಗೆ ಬಂದೆ.

ಮಳೆಗಾಲ ಹಿಡಿದು ಪಾರ್ಕಿಗೆ ಜನ ಕಡಿಮೆಯಾದಾಗ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ಆ ಬರಹವನ್ನು ಕಾಗದದಲ್ಲಿ ಮುದ್ರಿಸಿ ಇಟ್ಟಿದ್ದರು, ಕೊನೆಯ ಸಾಲಿಗೆ ಹಳದಿ ಬಣ್ಣ ಬಳಿದಿತ್ತು.

"ದೋಸೆ ಕೌಂಟರ್ ನಿಲ್ಲಿಸ್ತಾ ಇದ್ದೇವೆ ಅಕ್ಕ. ನಿಮ್ಮ ಮೇಲೆ ಕಂಪ್ಲೇಂಟ್ ಬಂದಿದೆ."

"ಆ ಬಿಲ್ಲು ಮಾಡಿಸಿದ್ದು ನೀವಲ್ವಾ ಸರ್?"

"ಬಿಲ್ಲಿನ ಬಗ್ಗೆ ಈ ಸಾಲಿನಲ್ಲಿ ಎಂತದೂ ಇಲ್ಲ. ಹೆಂಗಸಿನ ಬಗ್ಗೆ ಉಂಟು."

ನನ್ನನ್ನು ಟವೆಲ್ ಕೊಡುವ ಜಾಗಕ್ಕೆ ಹಾಕಿದರು. ಒದ್ದೆ ಟವೆಲ್ ಬಿಚ್ಚಿ, ಕಲೆ ಹುಡುಕಿ, ಕಲೆ ಇದ್ದರೆ ಠೇವಣಿ ಹಿಡಿಯುವ ಕೆಲಸ. ಒಂದು ಮಗುವಿನ ಮೂಗಿನ ರಕ್ತ ಒರೆಸಿದ ಟವೆಲ್ ಹಿಡಿದು ಅದರ ತಾಯಿ ಎದುರಿಗೆ ನಿಂತಾಗ ನಾನು ಹಣ ಪೂರ್ತಿ ಹಿಂದೆ ಕೊಟ್ಟೆ. ಅದನ್ನು ಸಂಬಳದಲ್ಲಿ ಮುರಿದರು. ಹನ್ನೊಂದನೆಯ ದಿನ ರಾಜೀನಾಮೆ ಬರೆದುಕೊಟ್ಟೆ. ಹಸಿರು ಅಂಚಿನ ಸೀರೆಗಳನ್ನು ಒಗೆದು ಇಸ್ತ್ರಿ ಮಾಡಿ ಹಿಂದೆ ಕೊಡಬೇಕೆಂದರು. ಕೊಟ್ಟೆ.

ಈಗ ಮಣಿಪಾಲದ ಒಂದು ಮೆಸ್ಸಿನಲ್ಲಿ ಇದ್ದೇನೆ. ಹಾಸ್ಟೆಲಿನ ಮಕ್ಕಳು ಕಿವಿಗೆ ಫೋನು ಸಿಕ್ಕಿಸಿಕೊಂಡು ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ಯಾರ ಊರನ್ನೂ ನಾನು ಕೇಳುವುದಿಲ್ಲ. ಒಬ್ಬ ಹುಡುಗಿ ನನ್ನ ಕೈಯ ಸಾರು ಅಮ್ಮನ ಸಾರಿನ ಹಾಗಿದೆ ಎಂದಾಗ ನಾನು ಸೌಟು ಅಲ್ಲೇ ಇಟ್ಟು ಒಳಗೆ ಹೋದೆ. ಆ ಮಗು ಏನೂ ತಪ್ಪು ಮಾಡಿರಲಿಲ್ಲ.

ಮೊನ್ನೆ ಒಂದು ಭಾನುವಾರ ಮಧ್ಯಾಹ್ನ ಮಗಳು ಆ ಬರಹ ಇನ್ನೂ ಇದೆಯೇ ಎಂದು ಹುಡುಕಿದಳು. ಇತ್ತು, ಕೊನೆಯ ಸಾಲು ಸಮೇತ. "ನೀನು ಹೇಳಮ್ಮ, ಕೆಳಗೆ ಉತ್ತರ ಬರೆಯುವ" ಎಂದಳು. ಒಂದು ಗಂಟೆ ಕೂತು ಹೇಳಿದೆ, ಅವಳು ಬೆರಳಾಡಿಸಿ ಬರೆದಳು. ಕಳಿಸಲು ಹೋದರೆ ಆಗಲಿಲ್ಲ. ಅಲ್ಲಿ ಉತ್ತರ ಕೊಡಲು ಮಾಲೀಕರಿಗೆ ಮಾತ್ರ ಅವಕಾಶವಂತೆ. ಅವರು ಆಗಲೇ ಕೊಟ್ಟಾಗಿತ್ತು. ಮಗಳು ಓದಿ ಹೇಳಿದಳು: "ಪ್ರಿಯ ಅತಿಥಿಗಳೇ, ನಿಮಗಾದ ಬೇಸರಕ್ಕೆ ವಿಷಾದಿಸುತ್ತೇವೆ. ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆದುಹಾಕಲಾಗಿದೆ. ತಮ್ಮ ಮುಂದಿನ ಭೇಟಿಯನ್ನು ಎದುರುನೋಡುತ್ತಿದ್ದೇವೆ."