ಏರಿಯ ಮೇಲೆ ನಾನು ಊದಿದ ಬಾಜಾ

ಅವತ್ತು ಸಂಜೆ ನಮ್ಮ ಕೆರೆಯ ಏರಿಯ ಮೇಲೆ ಬಾಜಾ ಊದಿದವನು ಮಾರೆಪ್ಪ ಮಾವನಲ್ಲ. ನಾನು. ನನ್ನ ಕೈಯಲ್ಲಿ ಕ್ಲಾರ್ನೆಟ್ ಇರಲಿಲ್ಲ, ಡ್ರಮ್ ಇರಲಿಲ್ಲ. ಇದ್ದದ್ದು ಈ ಬಾಯಿ, ಅದರ ಮುಂದೆ ವ್ಯಾನಿನ ಮೈಕು. ಮರುದಿನ ಊರವರು ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ — ಸುಳ್ಳಿಗಿಂತ ಹೊಲಸಾದದ್ದನ್ನು ಹೇಳಿದೆ. ಅದು ಏನೆಂದು ಬರೆಯುವ ಮೊದಲು ನಾನು ಎಂಥ ಪ್ರಾಣಿ ಎಂಬುದನ್ನು ಹೇಳಿಬಿಡುತ್ತೇನೆ.

ನನ್ನ ಹೆಸರು ಹಾಲೇಶ, ಊರವರ ಬಾಯಲ್ಲಿ ಹಾಲ್ಯಾ. ಯಾರ ದನಿ ಬೇಕೋ ಅವರ ದನಿ ತೆಗೆಯುತ್ತೇನೆ. ಹರಪನಹಳ್ಳಿ ಬಸ್ಸಿನ ಕಂಡಕ್ಟರು, ಭಾಷಣಕ್ಕೆ ಮೊದಲು ಕೆಮ್ಮುವ ಮುಖಂಡರು, ಮೊಮ್ಮಗನನ್ನು ಬೈಯುತ್ತಲೇ ಮುದ್ದಿಸುವ ನಮ್ಮವ್ವ — ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಲ್ಲಿ ಹೆದರಿ ತೊದಲಿದ್ದೆ. ಆ ತೊದಲನ್ನು ನಾನೇ ಮಾಡಿ ತೋರಿಸಿ, ಒಲ್ಲೆನೆಂದ ಹುಡುಗಿಯ ಅಪ್ಪನನ್ನೂ ನಗಿಸಿ ಎದ್ದು ಬಂದವನು ನಾನು. ನಗಿಸಿದರೆ ಎಲ್ಲ ಮುಗಿಯಿತು ಎಂದೇ ತಿಳಿದಿದ್ದೆ.

ಕೆಲಸವೂ ಬಾಯಿಯದ್ದೇ. ಹೊರಗಿನಿಂದ ಬಂದವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನಮ್ಮ ಕಡೆಯ ಗುಡಿ, ಹೊಳೆ, ಕೆರೆ ತೋರಿಸುತ್ತೇನೆ. ಬೆಳಿಗ್ಗೆ ಹೊಳಲಿನ ಅನಂತಶಯನ, ಆಮೇಲೆ ಹಿರೇಹಡಗಲಿಯ ಕಲ್ಲುಗುಡಿ, ಮಧ್ಯಾಹ್ನ ಮಾಗಳದ ಹೊಳೆದಂಡೆಯಲ್ಲಿ ಬುತ್ತಿ, ಸಂಜೆ ನಮ್ಮೂರ ಕೆರೆ. ಊರು ಹಗರಿಬೊಮ್ಮನಹಳ್ಳಿ ತಾಲೂಕಿನದು, ಹೆಸರು ಬರೆಯುವುದಿಲ್ಲ. ಅದಕ್ಕೆ ನನ್ನಿಂದ ಆದದ್ದು ಸಾಕು.

ಕೆರೆಯ ನೀರಿನೊಳಗೇ ಜಾಲಿ ಮರಗಳು ನಿಂತಿವೆ. ಆ ಮರಗಳ ತುಂಬ ಕೊಕ್ಕರೆ, ನೀರುಕಾಗೆಗಳ ಗೂಡು. ಹಕ್ಕಿಗಳು ಕಡ್ಡಿ ಹೊರಲು ಶುರು ಮಾಡಿದವೆಂದರೆ, ಮರಿಗಳು ಹಾರಿಹೋಗುವವರೆಗೆ ಏರಿಯ ಮೇಲೆ ಯಾರೂ ಸದ್ದು ಮಾಡುವಂತಿಲ್ಲ. ಪಟಾಕಿ ಇಲ್ಲ, ಟ್ರ್ಯಾಕ್ಟರಿನ ಹಾಡಿಲ್ಲ. ಮದುವೆಯ ದಿಬ್ಬಣ ಬಂದರೂ ಈ ತುದಿಯ ಬೇವಿನ ಮರದ ಹತ್ತಿರ ಬಾಜಾ ನಿಲ್ಲಬೇಕು, ಆ ತುದಿಯ ತೂಬು ದಾಟಿದ ಮೇಲೆಯೇ ಮತ್ತೆ ಶುರುವಾಗಬೇಕು. ನಡುವೆ ಬರೀ ಕಾಲಸಪ್ಪಳ, ಬಳೆಯ ಸದ್ದು. ಮದುಮಗಳ ಮುಂದೆ ಬಾಜಾ ನಿಂತರೆ ಒಳ್ಳೆಯದಲ್ಲ ಎಂದು ಬೇರೆ ಊರಿನ ಬೀಗರು ಗೊಣಗಿದರೆ ನಮ್ಮ ಹೆಂಗಸರು ಅವರ ಬಾಯಿ ಮುಚ್ಚಿಸುತ್ತಾರೆ: "ಅಲ್ಲಿ ಬಾಣಂತ್ಯಾರು ಅದಾರ, ಸುಮ್ಕ ಬರ್ರಿ!"

ಮಾರೆಪ್ಪ ಮಾವ ನಮ್ಮೂರ ಬಾಜಾದ ಮುಖ್ಯಸ್ಥ. ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಆದರೂ ಮಾವ ಎಂದೇ ಕರೆದು ಬೆಳೆದವನು ನಾನು. ಬೇವಿನ ಮರ ಬಂದ ಕೂಡಲೇ ಅವನು ಹೆಗಲ ಮೇಲಿನ ಟವೆಲ್ ತೆಗೆದು ಕ್ಲಾರ್ನೆಟ್ಟಿನ ಬಾಯಿಗೆ ಸುತ್ತುತ್ತಿದ್ದ — ಮಲಗಿದ ಕೂಸಿಗೆ ಹೊದಿಸಿದಷ್ಟು ಮೆಲ್ಲಗೆ. ತೂಬು ದಾಟಿದ ಮೇಲೆ ಟವೆಲ್ ಬಿಚ್ಚಿ ಒಂದು ಉದ್ದನೆಯ ಸ್ವರ ಎಳೆಯುತ್ತಿದ್ದ. ಆ ಸ್ವರ ಕೇಳಿದರೆ ಅಡುಗೆ ಬಿಟ್ಟು ಹೆಂಗಸರು ಹೊರಗೆ ಬರುತ್ತಿದ್ದರು. ಅದನ್ನು ನಾನು ಬಾಯಲ್ಲೇ ಎಳೆಯುವುದನ್ನು ಕಲಿತಾಗ ಎಲ್ಲರಿಗಿಂತ ಹೆಚ್ಚು ನಕ್ಕವನು ಅವನೇ. "ಲೇ ಹಾಲ್ಯಾ, ನಾ ಸತ್ರೂ ಈ ಊರಾಗ ಮದುವಿ ನಿಲ್ಲಂಗಿಲ್ಲ ಬಿಡಲೇ, ನಿನ್ನ ಬಾಯಿ ಐತಲ್ಲ!"

ಆ ಬಾಯಿ ಮಾಡಿದ್ದನ್ನು ಕೇಳಿ.

ಆ ದಿನ ನನ್ನ ವ್ಯಾನಿನಲ್ಲಿದ್ದವರು ದಾವಣಗೆರೆಯ ಕಡೆಯ ಒಂದು ದೊಡ್ಡ ಕುಟುಂಬ. ಬೆಳಿಗ್ಗೆಯಿಂದ ನಗಿಸಿ ನಗಿಸಿ ನನಗೇ ಅಮಲೇರಿತ್ತು. ಹೊಳಲಿನಿಂದ ಹೊರಟ ಮೇಲೆ ಮಲಗಿದ ದೇವರ ಗೊರಕೆ ತೆಗೆದೆ, ಮಾಗಳದಲ್ಲಿ ಅಂಬಿಗನ ಕೂಗು ತೆಗೆದೆ. ಸಂಜೆ ಕೆರೆಗೆ ಬಂದಾಗ ಹಕ್ಕಿಗಳು ಸುಮ್ಮನೆ ಕೂತಿದ್ದವು. ಮರಿಗಳ ಮೇಲೆ ರೆಕ್ಕೆ ಅಗಲಿಸಿ ಇಳಿಬಿಸಿಲಿಗೆ ಮರೆಯಾಗಿ ಕೂತಿದ್ದವು — ಆಗ ಅದನ್ನು ನಾನು ನೋಡಿದೆನೇ? ನೋಡಿದ್ದೆ. ಕ್ಯಾಮೆರಾ ಹಿಡಿದವನೊಬ್ಬ ಬೇಸರದಿಂದ, "ಏನ್ರೀ ಇವು, ಹೊಳಲಿನ ದೇವ್ರಿಗಿಂತ ಗಟ್ಟಿ ಮಲಗ್ಯಾವಲ್ಲ, ಹಾರೋದೇ ಇಲ್ವಾ?" ಅಂದ. ಎಲ್ಲರೂ ನಕ್ಕರು. ಬೆಳಿಗ್ಗೆಯಿಂದ ಮೊದಲ ಸಲ ನನ್ನದಲ್ಲದ ಮಾತಿಗೆ ನಕ್ಕಿದ್ದರು. ಅಷ್ಟೇ. ಅಷ್ಟಕ್ಕೇ.

ಮೈಕು ತೆಗೆದುಕೊಂಡೆ. ಮಾರೆಪ್ಪ ಮಾವನ ಆ ಉದ್ದನೆಯ ಸ್ವರ ಎಳೆದು, ಹಿಂದೆಯೇ ಡ್ರಮ್ಮಿನ ಪೆಟ್ಟು ಕೊಟ್ಟೆ.

ಇಡೀ ಕೆರೆ ಎದ್ದಿತು. ಅಷ್ಟು ರೆಕ್ಕೆಗಳ ಸದ್ದನ್ನು ನಾನು ಕೇಳಿರಲಿಲ್ಲ, ಅದನ್ನು ತೆಗೆಯಲು ಇವತ್ತಿಗೂ ನನಗೆ ಬರುವುದಿಲ್ಲ. ವ್ಯಾನಿನವರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ನೀರಿಗೆ ಏನೋ ಬೀಳುವ ಸಪ್ಪಳ — ಒಂದು, ಮತ್ತೆ ಇನ್ನೊಂದು, ಮತ್ತೆ... ಮೈಕು ಆರಿಸಿದೆ. ಮೇಲೆ ಹದ್ದುಗಳು ಆಗಲೇ ಸುತ್ತು ಹಾಕುತ್ತಿದ್ದವು. "ಕತ್ತಲಾಗ್ತೈತಿ, ಹತ್ರಿ ಹತ್ರಿ" ಎಂದು ಎಲ್ಲರನ್ನೂ ಹತ್ತಿಸಿಕೊಂಡು ಹೊರಟೆ.

ವ್ಯಾನು ತಿರುಗಿಸುವಾಗ ಏರಿಯ ಆ ತುದಿಯಿಂದ ನಾಲ್ಕೈದು ಜನ ನಡೆದು ಬರುವುದು ಕಂಡಿತು. ಪಕ್ಕದೂರಿನಲ್ಲಿ ಮದುವೆ ಮುಗಿಸಿ, ವಾದ್ಯಗಳನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಮರಳುತ್ತಿದ್ದ ಮಾರೆಪ್ಪ ಮಾವನ ತಂಡ. ಅವನ ಕ್ಲಾರ್ನೆಟ್ಟಿಗೆ ಟವೆಲ್ ಸುತ್ತಿತ್ತು. ಅದು ನನಗೆ ಕಂಡಿತ್ತು.

ಬೆಳಿಗ್ಗೆ ಬಟ್ಟೆ ಒಗೆಯಲು ಹೋದವರು ನೀರಂಚಿನಲ್ಲಿ ಸತ್ತ ಮರಿಗಳನ್ನು ಕಂಡರು. ಊರು ಕಟ್ಟೆಗೆ ಸೇರಿತು. ಸಂಜೆ ಬಾಜಾ ಕೇಳಿದ್ದು ಎಲ್ಲರಿಗೂ ನೆನಪಿತ್ತು, ಆ ಸ್ವರ ಯಾರದೆಂಬುದೂ ಗೊತ್ತಿತ್ತು. ಆ ಹೊತ್ತಿಗೆ ಏರಿಯ ಮೇಲೆ ಬಂದವರೂ ಮಾವನ ತಂಡದವರೇ. ಡ್ರಮ್ಮೂ ಸೇರಿ ಅಷ್ಟು ಜೋರಾಗಿ ಕೇಳಿದ್ದರಿಂದ ನನ್ನ ಬಾಯಿ ಯಾರಿಗೂ ನೆನಪಾಗಲಿಲ್ಲ. ಮಾರೆಪ್ಪ ಮಾವ ಟವೆಲ್ಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. "ನಾವು ಊದಿಲ್ರಿ." ಎರಡನೆಯ ಸಲವೂ ಅದನ್ನೇ ಅಂದ. ಮದುವೆಯ ಮನೆಯಲ್ಲಿ ಕುಡಿದಿರಬೇಕು ಎಂದು ಹಿಂದಿನಿಂದ ಯಾರೋ ಅಂದರು. ಮಾವ ಕುಡಿಯುವ ಮನುಷ್ಯನೇ ಅಲ್ಲ.

ಆಗ ಕೆರೆಯ ಉಸ್ತುವಾರಿ ನೋಡುವ ಹಿರಿಯ, ಕೊಟ್ರಪ್ಪಜ್ಜ, ನನ್ನ ಕಡೆ ತಿರುಗಿದ. "ಹಾಲ್ಯಾ, ನಿನ್ನ ಗಾಡಿನೂ ಅಲ್ಲೇ ಇತ್ತಲ್ಲಲೇ. ಬಾಜಾ ಕೇಳಿಸ್ತೋ ಇಲ್ಲೋ?"

ಮಾರೆಪ್ಪ ಮಾವ ನನ್ನ ಮುಖ ನೋಡಿದ. ಅವನ ಮುಖದಲ್ಲಿ ನಿರಾಳವಿತ್ತು — ಹುಡುಗ ಅಲ್ಲೇ ಇದ್ದ, ಹೇಳುತ್ತಾನೆ ಎಂದು.

"ಹೂನ್ರಿ," ಅಂದೆ. "ಕೇಳಿಸ್ತು."

ಅಷ್ಟೇ ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದಕ್ಕೇ ಅದು ಸುಳ್ಳಿಗಿಂತ ಹೊಲಸು. ಸುಳ್ಳಾಡಿದವನಿಗೆ ಎಂದಾದರೂ ಸಿಕ್ಕಿಬೀಳುವ ಹೆದರಿಕೆ ಇರುತ್ತದೆ. ನಾನು ಅದಕ್ಕೂ ಜಾಗ ಇಡಲಿಲ್ಲ.

ಊರು ಅವನಿಗೆ ದಂಡ ಹಾಕಲಿಲ್ಲ, ಬಹಿಷ್ಕಾರ ಹಾಕಲಿಲ್ಲ. ಬರೀ ಕರೆಯುವುದನ್ನು ಬಿಟ್ಟಿತು. ಮದುವೆ, ಸೀಮಂತ, ಮೆರವಣಿಗೆ — ಎಲ್ಲಕ್ಕೂ ಕೊಟ್ಟೂರಿನಿಂದ ಬೇರೆ ತಂಡ ಬರತೊಡಗಿತು. ಅವನ ತಂಡದವರು ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಕೊಂಡರು. ಅವನು ನಮ್ಮ ಊರಿನ ಹೊರತು ಉಳಿದ ಊರುಗಳಿಗೆ ಒಬ್ಬನೇ ಹೋಗಿ, ಯಾರದೋ ತಂಡದ ಹಿಂದಿನ ಸಾಲಿನಲ್ಲಿ ನಿಂತು ಊದಿ ಬರುತ್ತಿದ್ದ. ಎದುರಿಗೆ ಸಿಕ್ಕರೆ ನನ್ನನ್ನು ಮಾತಾಡಿಸುತ್ತಿದ್ದ. ನಾನೂ — ನಾಚಿಕೆಯಿಲ್ಲದೆ — ಮಾತಾಡುತ್ತಿದ್ದೆ, ನಗಿಸುತ್ತಲೂ ಇದ್ದೆ.

ಹೀಗೆ ವರ್ಷಗಳು ಹೋದವು. ಹೋದ ಬೇಸಿಗೆಯ ಮೊದಲಿಗೆ ಅವನ ಸ್ವಂತ ತಮ್ಮನ ಮಗಳ ಮದುವೆ. ಅದಕ್ಕೂ ಕೊಟ್ಟೂರಿನದೇ ಬಾಜಾ. ದಿಬ್ಬಣದಲ್ಲಿ ಮಾರೆಪ್ಪ ಮಾವ ಬರಿಗೈಯಲ್ಲಿ ನಡೆಯುತ್ತಿದ್ದ. ಬೇವಿನ ಮರ ಬಂತು. ಹೊಸ ಹುಡುಗರಿಗೆ ಗೊತ್ತಿರಲಿಲ್ಲ, ಬಾಜಾ ನಿಲ್ಲಲಿಲ್ಲ. ಯಾರಾದರೂ ಹೇಳುವಷ್ಟರಲ್ಲಿ ಮಾವ ಮುಂದಕ್ಕೆ ಓಡಿ, ಡ್ರಮ್ಮಿನವನ ಎದುರು ಎರಡೂ ಕೈ ಅಗಲಿಸಿ ನಿಂತುಬಿಟ್ಟ. ಬಾಜಾ ನಿಂತಿತು. ಅವನು ಹೆಗಲ ಟವೆಲ್ ತೆಗೆದು, ಆ ಹುಡುಗನ ಕ್ಲಾರ್ನೆಟ್ಟಿಗೆ ತಾನೇ ಸುತ್ತಿದ.

ನಾನು ದಿಬ್ಬಣದ ಹಿಂದಿದ್ದೆ. ಅಲ್ಲಿಂದಲೇ ಮನೆಗೆ ತಿರುಗಿದೆ.

ಮರುದಿನ ಅವನ ಮನೆಗೆ ಹೋದೆ. ಅವನೂ ಅವನ ಹೆಂಡತಿ ದುರುಗತ್ತಿಯೂ ಒಲೆಯ ಮುಂದೆ ಕೂತಿದ್ದರು. ಬಾಗಿಲು ಮುಚ್ಚಿಕೊಂಡು, ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಮಾವ ಕಟ್ಟಿಗೆಯೊಂದನ್ನು ಒಳಕ್ಕೆ ಸರಿಸಿದ. ಒಲೆಯ ಉರಿಯನ್ನೇ ನೋಡುತ್ತ ಕೂತ. ದುರುಗತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಊರಿಗೆಲ್ಲ ಕೇಳಂಗ ಮೈಕ್‌ನಾಗ ಊದಿ, ಈಗ ನನ್ನ ಒಲಿ ಮುಂದ ಬಂದು ಪಿಸುಗುಡ್ತಿಯಲ್ಲೋ. ಇಲ್ಲಿ ಹೇಳಿದ್ರ ಯಾರಿಗೆ ಕೇಳಿಸ್ತೈತಿ?"

ಎದ್ದು ಬಂದೆ. ಆಮೇಲೂ ತಿಂಗಳುಗಟ್ಟಲೆ ದಿನ ದೂಡಿದೆ — ಇದನ್ನೂ ಬರೆಯಬೇಕು, ಮುಚ್ಚಿಡಬಾರದು.

ಹಕ್ಕಿಗಳು ಮತ್ತೆ ಬಂದು ಕಡ್ಡಿ ಹೊರುವ ವಾರ ಊರಿನವರು ಬೇವಿನ ಮರದ ಕೆಳಗೆ ಸೇರುತ್ತಾರೆ. ಇವತ್ತಿನಿಂದ ಏರಿಯ ಮೇಲೆ ಸದ್ದಿಲ್ಲ ಎಂದು ಮೈಕಿನಲ್ಲಿ ಸಾರುತ್ತಾರೆ. ಪ್ರತಿ ವರ್ಷ ಅದನ್ನು ಹೇಳುವವನು ನಾನೇ, ಮುಖಂಡರ ದನಿಯಲ್ಲಿ ಒಮ್ಮೆ, ಕಂಡಕ್ಟರನ ದನಿಯಲ್ಲಿ ಒಮ್ಮೆ. ಈ ಸಲ ಮೈಕು ಹಿಡಿದು ಹೇಳಿದೆ: "ಆವತ್ತು ಇಲ್ಲಿ ಊದಿದವ ಮಾರೆಪ್ಪ ಮಾವ ಅಲ್ಲ. ನಾನು. ಮರಿ ಸತ್ತಿದ್ದು ನನ್ನಿಂದ."

ಎಲ್ಲರೂ ನಕ್ಕರು. "ಇದ್ಯಾರ ದನಿಲೇ? ಯಾವನೋ ಕಳ್ಳಂದ ಇರಬೇಕು!" ಎಂದು ಹುಡುಗರು ಕೂಗಿದರು. ಮತ್ತೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು. ಇಷ್ಟು ವರ್ಷ ಅವರಿಗೆ ನಾನು ಕಲಿಸಿದ್ದೇ ಅದು.

ಗುಂಪಿನಿಂದ ದುರುಗತ್ತಿ ಎದ್ದು ನಿಂತಳು. "ನಗಬ್ಯಾಡ್ರೋ. ಇದೊಂದು ದನಿ ಅವಂದ ಐತಿ."

ನಗು ನಿಂತಿತು. ಉಳಿದದ್ದನ್ನು ಹೇಳಿದೆ — ಕ್ಯಾಮೆರಾದವನ ಮಾತು, ಚಪ್ಪಾಳೆ, ನೀರಿನ ಸಪ್ಪಳ, ಟವೆಲ್ ಸುತ್ತಿದ್ದ ಕ್ಲಾರ್ನೆಟ್, ಕಟ್ಟೆಯ ಮೇಲೆ ನಾನು ಕೊಟ್ಟ ಉತ್ತರ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಂದು ಆಸೆಪಟ್ಟೆ. ಎಲ್ಲರೂ ತಮ್ಮ ತಮ್ಮ ಕಾಲ ಕೆಳಗಿನ ಮಣ್ಣು ನೋಡುತ್ತಿದ್ದರು.

ಕೊಟ್ರಪ್ಪಜ್ಜ ಮೆಲ್ಲಗೆ ಮಾರೆಪ್ಪ ಮಾವನ ಹತ್ತಿರ ಹೋದ. "ಹೋಗ್ಲಿ ಬಿಡೋ ಮಾರೆಪ್ಪ. ಇವ ಊದಿದ್ದು ಥೇಟ್ ನಿನ್ನಂಗ ಕೇಳಿಸ್ತಪ, ನಾವರ ಏನ್ ಮಾಡೋಣ?"

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಅಜ್ಜನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೆರೆಯ ಕಡೆ ಮುಖ ಮಾಡಿ ಹೇಳಿದ:

"ಅವ ಒಂದ್ಸಲ ಊದಿದ್ದು ಊರಿಗೆಲ್ಲ ಕೇಳಿಸ್ತು, ಅಜ್ಜ. ಇಷ್ಟು ವರ್ಷ ಇಲ್ಲಿ ನಾ ನಿಲ್ಲಿಸಿದ್ದು ಒಬ್ರಿಗೂ ಕೇಳಿಸಿರಲಿಲ್ಲೇನು?"