ಎರಡು ಫೂಟಿನ ಕಲ್ಲು

ನಾನು ಬ್ಯಾಡ್ಮಿಂಟನ್ ಕಲಿತದ್ದು ತೊಗರಿ ಗೋದಾಮಿನಲ್ಲಿ. ಹೀಗೆ ಹೇಳಿದರೆ ಸಾಕು, ಪತ್ರಿಕೆಯವರ ಕಣ್ಣು ಅರಳುತ್ತದೆ. ಅರಳುವಂಥದ್ದು ಅದರಲ್ಲಿ ಏನೂ ಇಲ್ಲ. ಸಿಂದಗಿಯ ಮಾರುಕಟ್ಟೆಯಲ್ಲಿ ಅಪ್ಪ ತೂಕ ಮಾಡುವವನು. ಸುಗ್ಗಿ ಮುಗಿದ ಮೇಲೆ ಅಲ್ಲೊಂದು ಗೋದಾಮು ಖಾಲಿ ಬೀಳುತ್ತಿತ್ತು, ತಗಡಿನ ಚಾವಣಿ ಎತ್ತರವಾಗಿತ್ತು, ಒಳಗೆ ಗಾಳಿ ಇರಲಿಲ್ಲ. ಅಷ್ಟೇ. ಮೊದಲ ವರ್ಷವೆಲ್ಲ ನಾನು ಸೀನುತ್ತಲೇ ಆಡಿದ್ದೇನೆ.

ನನಗಾಗ ಎಂಟು ವರ್ಷ. ಇಂಡಿಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದಿದ್ದ ಆಟದ ಮಾಸ್ತರರು ನಾನು ರಾಕೆಟ್ ಬೀಸುವ ಕೈ ನೋಡಿ, ಈ ಹುಡುಗಿಗೆ ಒಂದು ಕೋರ್ಟ್ ಬೇಕು ಅಂದರು. ಅಪ್ಪ ಕೇಳಿದ್ದು ಒಂದೇ ಮಾತು: "ಉದ್ದ ಎಷ್ಟ್ರಿ ಸರ?" ನಲವತ್ನಾಲ್ಕು ಫೂಟು ಅಂದರು ಮಾಸ್ತರರು. ಗೋದಾಮಿನ ನೆಲಕ್ಕೆ ಹಾಸಿದ್ದು ಎರಡು ಫೂಟಿನ ಫರಸಿ ಕಲ್ಲು, ಮುದ್ದೇಬಿಹಾಳದ ಕಡೆಯಿಂದ ತರಿಸಿದ್ದು. ಅಪ್ಪ ಟೇಪು ಹಿಡಿಯಲಿಲ್ಲ. ಇಪ್ಪತ್ತೆರಡು ಕಲ್ಲು ಎಣಿಸಿದ, ಸಂದಿಗೆ ಸರಿಯಾಗಿ ಸುಣ್ಣದ ಗೆರೆ ಎಳೆದ, ಕೈ ಝಾಡಿಸಿಕೊಂಡ. ನಮ್ಮ ಕಡೆ ಎಲ್ಲರೂ ಹಾಗೆಯೇ. ಪಡಸಾಲೆ ಎಷ್ಟು ದೊಡ್ಡದು ಎಂದು ಕೇಳಿದರೆ ಇಷ್ಟು ಕಲ್ಲು ಅನ್ನುತ್ತೇವೆ. ಕಲ್ಲನ್ನೇ ಅಳೆದು ನೋಡಿದವರು ಯಾರೂ ಇಲ್ಲ.

ಅಪ್ಪನ ಅಳತೆಯನ್ನು ಪ್ರಶ್ನಿಸುವ ಗಂಡಸು ಆ ಮಾರುಕಟ್ಟೆಯಲ್ಲಿ ಹುಟ್ಟಿರಲಿಲ್ಲ. ರೈತನೂ ದಲಾಲನೂ ಚೀಲದ ತೂಕಕ್ಕೆ ಕಿತ್ತಾಡಿದರೆ ಮೂರನೆಯವನು ಬಂದು, "ಅಂವ ತೂಗ್ಯಾನೇನು? ಹಂಗಾರ ಮುಗೀತ್ ಬಿಡ್ರಿ," ಎನ್ನುತ್ತಿದ್ದ. ಇಬ್ಬರೂ ಚಹಾಕ್ಕೆ ಹೋಗುತ್ತಿದ್ದರು. ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೂ ಕಾಟಾದ ಮುಂದೆ ಅಪ್ಪನೇ ಕೂರಬೇಕು. ಮಷಿನ್ನಿಗಿಂತ ಅವನನ್ನು ನಂಬುವವರೇ ಹೆಚ್ಚು.

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಎಲ್ಲಿ ಶಾಲಾ ಪಂದ್ಯ ನಡೆದರೂ ಕಪ್ಪು ನಮ್ಮ ಮನೆಗೇ. ಹದಿಮೂರಕ್ಕೆ ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದರು. ಅಲ್ಲಿಯ ಕೋಚ್ ಮೊದಲ ವಾರವೇ ಕೇಳಿದರು, "ನಿನ್ನ ಟಾಸ್ ಯಾಕಮ್ಮ ಯಾವಾಗಲೂ ಗೇಣು ಮೊದಲೇ ಬೀಳುತ್ತೆ?" ಶಟಲನ್ನು ಎತ್ತರಕ್ಕೆ ಎತ್ತಿ ಎದುರಾಳಿಯ ಬೆನ್ನ ಹಿಂದಿನ ಗೆರೆಯ ತನಕ ಕಳಿಸುವ ಹೊಡೆತಕ್ಕೆ ನಾವು ಟಾಸ್ ಅನ್ನುತ್ತೇವೆ. ಅದು ಗೆರೆಗೆ ಬಿದ್ದರೆ ಎದುರಾಳಿ ಹಿಂದಕ್ಕೆ ಓಡಬೇಕು. ಮೊದಲೇ ಬಿದ್ದರೆ ಅವಳು ಅಲ್ಲೇ ನಿಂತು ನಮ್ಮ ತಲೆಯ ಮೇಲೆ ಹೊಡೆಯುತ್ತಾಳೆ. ಯಾಕೆ ಬೀಳುತ್ತದೆಂದು ನನಗೂ ಗೊತ್ತಿರಲಿಲ್ಲ. ಗೋದಾಮಿನಲ್ಲಂತೂ ಅದು ನೆಟ್ಟಗೆ ಗೆರೆಗೇ ಬೀಳುತ್ತಿತ್ತು. ಎರಡು ವರ್ಷ ದಿನಾ ಮುಂಜಾನೆ ಇನ್ನೂರು ಟಾಸ್ ಹೊಡೆಸಿ ಕೋಚ್ ಅದನ್ನು ತಿದ್ದಿದರು. ತಿದ್ದಿದರು ಎಂಬ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಾನದನ್ನು ಮುಂದೆ ಬೇಕೆಂದೇ ಮರೆತೆ.

ಆಮೇಲಿನ ಹದಿನಾಲ್ಕು ವರ್ಷಗಳ ಬಗ್ಗೆ ಹೇಳು ಎಂದರೆ ಏನು ಹೇಳಲಿ? ಎಲ್ಲ ಒಳಾಂಗಣಗಳೂ ಒಂದೇ ಥರ. ಒಂದೇ ಹಸಿರು ಹಾಸು, ಒಂದೇ ಬೆಳಕು, ಮೊಣಕಾಲಿಗೆ ಒಂದೇ ಮಂಜುಗಡ್ಡೆ ಚೀಲ. ಹೊರದೇಶಗಳಿಗೆ ಹೋದೆ, ಊರು ನೋಡಲಿಲ್ಲ. ಅರ್ಹತಾ ಸುತ್ತಿನಲ್ಲಿ ಸೋಲುವುದು, ಸಾಕ್ಸು ತೊಳೆದು ಬಾತ್‌ರೂಮಿನಲ್ಲಿ ಹರವುವುದು, ಒಣಗುವ ಮೊದಲೇ ವಿಮಾನ ಹತ್ತುವುದು. ಮುಖ್ಯ ಸುತ್ತು ಎಂಬುದು ನನಗೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಬೇರೆಯವರ ಹೆಸರು, ಅಷ್ಟೇ. ಮೊದಮೊದಲು ಸೋತರೆ ಅಳುತ್ತಿದ್ದೆ. ಆಮೇಲೆ ಗೆದ್ದರೂ ಸೋತರೂ ಉಪ್ಪು ಹಾಕದ ಅನ್ನ ಉಂಡ ಹಾಗೆ ಆಗತೊಡಗಿತು.

ಸೋತ ಪ್ರತಿ ಸಲ ಅಪ್ಪನ ಫೋನು ಬರುತ್ತಿತ್ತು. ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದ. ಅರ್ಧ ಹೊತ್ತು ನೆಟ್‌ವರ್ಕ್ ಸಿಗದೆ ಚಿತ್ರ ನಿಂತಿರುತ್ತಿತ್ತು. ಆದರೂ ಬೈಗುಳಕ್ಕೆ ಏನೂ ಕಡಿಮೆ ಇಲ್ಲ. "ಕೈಯಾಗ ಜೀವ ಇಲ್ಲೇನ್ ನಿನಗ? ಅರ್ಧಕ್ಕ ಬೀಳ್ತೈತಿ. ಉಂಡಿದ್ದು ಎಲ್ಲಿ ಹೊಕ್ಕೈತಿ?" ನಾನು ಹೂಂ ಅನ್ನುತ್ತಿದ್ದೆ. ಫೋನನ್ನು ಹಾಸಿಗೆಯ ಮೇಲಿಟ್ಟು, ಅದು ಬೈಯುತ್ತಿರುವಾಗಲೇ ಬ್ಯಾಗು ಕಟ್ಟುತ್ತಿದ್ದೆ.

ಕೊನೆಯ ಪಂದ್ಯವೂ ಅರ್ಹತಾ ಸುತ್ತೇ. ಗೆದ್ದಿದ್ದರೆ ಜೀವಮಾನದಲ್ಲಿ ಮೊದಲ ಸಲ ಮುಖ್ಯ ಸುತ್ತು. ಮೂರನೇ ಗೇಮಿನಲ್ಲಿ ನನ್ನದು ಇಪ್ಪತ್ತು, ಅವಳದು ಹತ್ತೊಂಬತ್ತು. ಒಂದೇ ಒಂದು ಪಾಯಿಂಟು ಬೇಕಿತ್ತು. ನಾನು ಟಾಸ್ ಹೊಡೆದೆ, ಅದು ಮೊದಲೇ ಬಿತ್ತು, ಅವಳು ಸ್ಮ್ಯಾಶ್ ಹೊಡೆದಳು. ಮುಂದಿನ ಎರಡು ಪಾಯಿಂಟೂ ಅವಳವೇ. ಕೈ ಕುಲುಕಿ ಬಂದೆ. ಆ ಸಂಜೆ ಅಪ್ಪ ಹೆಚ್ಚು ಬೈಯಲಿಲ್ಲ. "ಇಷ್ಟ ವರ್ಷ ಹೋಗಿ ಏನ್ ಕಲ್ತಿ?" ಎಂದ, ಫೋನಿಟ್ಟ. ಎರಡು ತಿಂಗಳ ಮೇಲೆ ಆಟವನ್ನೇ ಬಿಟ್ಟೆ. ಡಾಕ್ಟರು ಮೊಣಕಾಲಿನ ಕಾರಣ ಬರೆದುಕೊಟ್ಟರು, ಅದೂ ಸುಳ್ಳೇನಲ್ಲ.

ಸಿಂದಗಿಗೆ ಬಂದೆ. ಮಾರುಕಟ್ಟೆಯವರು ಆ ಗೋದಾಮನ್ನು ಹೆಣ್ಣುಮಕ್ಕಳ ತರಬೇತಿಗೆ ಪೂರ್ತಿ ಬಿಟ್ಟುಕೊಟ್ಟರು. ಅಪ್ಪನಿಗೆ ಹಬ್ಬ. ಹಳೆಯ ಗೆರೆಗಳ ಮೇಲೇ ಪೇಂಟು ಹೊಡೆದು ಕಾಯಂ ಮಾಡೋಣ ಎಂದ. ಅದಕ್ಕೆ ಮೊದಲು ಒಡೆದ ಎರಡು ಕಲ್ಲು ಬದಲಿಸಲು ಮುದ್ದೇಬಿಹಾಳದಿಂದ ಗೌಂಡಿ ಬಂದ. ಅಪ್ಪ ಕಾಟಾದ ಹತ್ತಿರ ಇದ್ದ, ನಾನೊಬ್ಬಳೇ ನಿಂತಿದ್ದೆ. ಹೊಸ ಕಲ್ಲು ಹಳೆಯ ಗುಂಡಿಯಲ್ಲಿ ಕೂರಲೊಲ್ಲದು.

"ಇದು ಮಷಿನ್ ಕಟಿಂಗ್ರಿ ಅಕ್ಕಾರ, ಪಕ್ಕಾ ಎರಡು ಫೂಟು," ಎಂದ ಗೌಂಡಿ. "ಹಳೀವು ಕೈಲೆ ಅಂಚ ಹೊಡದಾವ. ಹೆಸರಿಗಷ್ಟ ಎರಡು ಫೂಟ್ರಿ. ಅಂಚ ಹೊಡದ ಮ್ಯಾಲ ಯಾವ ಕಲ್ಲು ಎರಡು ಫೂಟ್ ಉಳೀತೈತಿ?"

ಅವನಿಂದ ಟೇಪು ಇಸಿದುಕೊಂಡು ಅಳೆದೆ. ಪ್ರತಿ ಕಲ್ಲೂ ಮುಕ್ಕಾಲು ಇಂಚು ಕಡಿಮೆ. ಇಪ್ಪತ್ತೆರಡು ಕಲ್ಲಿಗೆ ಹದಿನಾರೂವರೆ ಇಂಚು. ನೆಟ್ಟಿನ ಈ ಕಡೆ ಒಂದು ಗೇಣು, ಆ ಕಡೆ ಒಂದು ಗೇಣು. ಐದು ವರ್ಷ ನಾನು ಗೇಣು ಮೋಟಾದ ಕೋರ್ಟಿನಲ್ಲಿ ಕೈ ಪಳಗಿಸಿದ್ದೆ. ನಗು ಬರಬೇಕಿತ್ತು, ಇಲ್ಲ ಸಿಟ್ಟಾದರೂ ಬರಬೇಕಿತ್ತು. ಏನೂ ಬರಲಿಲ್ಲ. "ಕಲ್ಲು ಕೊಯ್ದು ಕೂಡ್ಸು," ಎಂದು ಗೌಂಡಿಗೆ ಹೇಳಿ ಟೇಪು ವಾಪಸು ಕೊಟ್ಟೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು. "ಗೆರಿ ಸುಮ್ಮ ಸರಿ ಜಾಗಾಕ್ಕ ಹಾಕ್ಸು. ಸರ್ಕಾರದ ಅಳತಿ ಬದಲಾಗೇತಿ ಅಂತ ಹೇಳು. ಆ ಮನಷ್ಯಾಗ ಇದೊಂದು ಹೇಳಬ್ಯಾಡ, ನಿನ್ನ ಕಾಲ ಬೀಳ್ತೇನಿ." ಹೇಳುವುದಿಲ್ಲ ಅಂದೆ. ಹೇಳುವ ಮನಸ್ಸೂ ನನಗೆ ಇರಲಿಲ್ಲ. ದೇವರಾಣೆಗೂ ಇರಲಿಲ್ಲ.

ಮರುದಿನ ಮುಂಜಾನೆ ಏಳೆಂಟು ಹುಡುಗಿಯರು ಆಡುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಅವರಿಗೆ ಕೂಗಿ ಹೇಳಿದ, "ಏ, ಪೂರಾ ಹೊಡೀರಿ! ಈಕಿನ್ಹಂಗ ಅರ್ಧಕ್ಕ ಹಾಕಬ್ಯಾಡ್ರಿ ಮತ್ತ!" ಹುಡುಗಿಯರು ಕಿಸಕ್ಕೆಂದರು. ಅವನು ಚೇಷ್ಟೆಗೇ ಅಂದದ್ದು. ನಾನು ನೆಟ್ಟಿನ ಕಂಬಕ್ಕೆ ರಾಕೆಟ್ ಒರಗಿಸಿ ಅವನ ಹತ್ತಿರ ಹೋದೆ. ಆ ಹೊತ್ತಿಗೆ ನನ್ನ ದನಿ ಎಷ್ಟು ತಣ್ಣಗಿತ್ತೆಂದರೆ ನನಗೇ ಬೇರೆಯವಳು ಮಾತಾಡಿದ ಹಾಗೆ ಕೇಳಿಸಿತು.

"ಅರ್ಧಕ್ಕ ಬಿದ್ದಿದ್ದು ಯಾರಿಂದ ಗೊತ್ತೈತೇನು? ನೀ ಹಾಕಿದ ಗೆರಿ ತಪ್ಪೈತಿ ಅಪ್ಪಾ. ಕಲ್ಲು ಎರಡು ಫೂಟ್ ಇಲ್ಲ. ಅಳದು ನೋಡು."

ಅಪ್ಪ ಮೊದಲು ನಕ್ಕ. ನಾನು ನಗಲಿಲ್ಲ. ಅವನು ಮನೆಗೆ ಹೋಗಿ ಟೇಪು ತಂದು ಮೊಣಕಾಲೂರಿ ಕುಳಿತು ಒಂದೊಂದೇ ಕಲ್ಲು ಅಳೆದ. ಹುಡುಗಿಯರು ಆಟ ನಿಲ್ಲಿಸಿ ಗೋಡೆಗೆ ಸರಿದರು. ಇಪ್ಪತ್ತೆರಡೂ ಮುಗಿಸಿ, ಮತ್ತೆ ಮೊದಲಿನಿಂದ ಅಳೆಯತೊಡಗಿದ. ಎರಡನೆಯ ಸಲ ನಡುವೆಯೇ ಬಿಟ್ಟು ತಲೆ ಎತ್ತಿದ.

"ಆ ಕಡೀ ಮ್ಯಾಚಿನಾಗ ಬಿತ್ತಲ್ಲ, ಅದು ಎಷ್ಟು ಕಡಿಮಿ ಬಿತ್ತು?"

"ಗೇಣು," ಎಂದೆ.

ಸುಳ್ಳು. ಆ ಪಂದ್ಯದ ವಿಡಿಯೋ ನನ್ನ ಫೋನಿನಲ್ಲಿದೆ. ಶಟಲ್ ಬಿದ್ದದ್ದು ಗೇಣು ಹಿಂದೆ ಮುಂದೆ ಅಲ್ಲ, ಕೋರ್ಟಿನ ನಟ್ಟನಡುವೆ, ಎಳೆ ಮಕ್ಕಳು ಹಾಕುವ ಹಾಗೆ. ಗೋದಾಮಿನ ಗೇಣನ್ನು ಬೆಂಗಳೂರಿನ ಕೋಚ್ ಯಾವತ್ತೋ ತಿದ್ದಿ ಮುಗಿಸಿದ್ದರು. ಅವತ್ತು ಒಂದು ಪಾಯಿಂಟು ಬೇಕಿದ್ದಾಗ ನಾನು ಹೆದರಿದೆ, ಕೈ ಸೋತಿತು. ಅದಕ್ಕೂ ಮೊದಲಿನ ಹದಿನಾಲ್ಕು ವರ್ಷ ಎದುರಿಗಿದ್ದವರು ನನಗಿಂತ ಚೆನ್ನಾಗಿ ಆಡಿದರು. ಇಷ್ಟೇ ಸಂಗತಿ. ಇದು ನನಗೆ ಅಂದೂ ಗೊತ್ತಿತ್ತು, ಗೇಣು ಎಂದಾಗಲೂ ಗೊತ್ತಿತ್ತು.

ಆ ದಿನ ಅಪ್ಪ ಊಟಕ್ಕೆ ಬರಲಿಲ್ಲ. ಅವ್ವ ನನ್ನ ತಟ್ಟೆಗೆ ರೊಟ್ಟಿ ಹಾಕಿ, "ತಣ್ಣಗಾತೇನು ಈಗ ನಿನ್ನ ಹೊಟ್ಟಿ?" ಎಂದಳು. ನಾನು ಉಂಡೆ. ಹಸಿವಾಗಿತ್ತು.

ಆ ವಾರವೇ ಅಪ್ಪ ಕಾಟಾ ಬಿಟ್ಟ. ದಲಾಲರು ಮನೆಗೆ ಬಂದು ಕೈ ಹಿಡಿದು ಕೇಳಿದರು, ರೈತರು ಕೇಳಿದರು. "ಇಪ್ಪತ್ತೆರಡು ಕಲ್ಲು ಎಣಸಾಕ ಬರದಂವ ನಿಮ್ಮ ಚೀಲಾ ಏನ್ ತೂಗ್ಲಿ?" ಎಂದ. ಕಾಟಾ ಬೇರೆ, ಕಲ್ಲು ಬೇರೆ ಎಂದು ಅವರು ತಿಳಿಹೇಳಿದರು. ಅವನು ಅಲ್ಲಾಡಲಿಲ್ಲ. ಗೋದಾಮಿನಲ್ಲಿ ಹೊಸ ಗೆರೆಗಳನ್ನು ನಾನು ಟೇಪು ಹಿಡಿದು ಹಾಕಿಸಿದೆ. ಅವನು ಆ ಕಡೆ ತಲೆ ಹಾಕಲಿಲ್ಲ. ಚಹಾದಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ, ನನ್ನ ಮಗಳು ಸೋತವಳಲ್ಲ, ನಾನು ಸೋಲಿಸಿದವನು. ಜನ ನನ್ನನ್ನು ಕಂಡರೆ ಪಾಪ ಎಂಬಂತೆ ನೋಡತೊಡಗಿದರು. ನಿಜ ಹೇಳುತ್ತೇನೆ, ಆ ನೋಟ ನನಗೆ ಹಿತವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಏನೋ ಒಂದು ಅನ್ನಿಸಿದ್ದೆಂದರೆ ಅದೇ.

ಕಳೆದ ತಿಂಗಳು ಬಸವನ ಬಾಗೇವಾಡಿಯ ಒಂದು ಶಾಲೆಯವರು ಕ್ರೀಡಾ ದಿನಕ್ಕೆ ನನ್ನನ್ನು ಅತಿಥಿಯಾಗಿ ಕರೆದರು. ಅಪ್ಪನೂ ಬಂದ. ಇಂಗಳೇಶ್ವರ, ಮನಗೂಳಿಯ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು, ಪೆಂಡಾಲಿನ ಕೆಳಗೆ ಸಾಲಾಗಿ ಕೂತಿದ್ದರು. ನನಗೆ ಶಾಲು ಹೊದಿಸಿದ ಮೇಲೆ ಹೆಡ್‌ಮಾಸ್ತರರು ಅಪ್ಪನಿಗೂ ಎರಡು ಮಾತಾಡಿ ಅಂದರು. ಅಪ್ಪ ಮೈಕಿನ ಮುಂದೆ ಕೈಮುಗಿದು ನಿಂತ. ಕಲ್ಲಿನ ಕತೆ ಎಲ್ಲ ಹೇಳಿದ. "ಈಕಿ ದೇಶಕ್ಕ ಹೆಸರು ತರಬೇಕಾಗಿತ್ರಿ. ನನ್ನ ಅಳತಿ ಈಕೀನ ಕೆಡಿಸ್ತು. ಮ್ಯಾಲ ನಾನೇ ಈಕೀಗ ಬೈತಿದ್ದೆ. ಮಕ್ಕಳ, ನಿಮ್ಮ ಅಪ್ಪಗೋಳಿಗೆ ಹೇಳ್ರಿ, ಎಲ್ಲಾ ಅಳದು ನೋಡ್ರಿ ಅಂತ." ಇಷ್ಟು ಹೇಳಿ ಕುಳಿತುಬಿಟ್ಟ. ಜನ ಚಪ್ಪಾಳೆ ಹೊಡೆದರು. ಮೈಕು ನನ್ನ ಕೈಗೆ ಬಂತು.

ಎದುರಿಗೆ ನಾಲ್ಕುನೂರು ಮಕ್ಕಳು, ಪಕ್ಕದಲ್ಲಿ ಅಪ್ಪ. ಒಂದು ವಾಕ್ಯ ಸಾಕಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದೆ ಕೂಡ. ಹಾಲು ಕುಡೀರಿ, ದಿನಾ ಓಡ್ರಿ, ಮೊಬೈಲ್ ಕಡಿಮೆ ಮಾಡ್ರಿ ಎಂದು ಹೇಳಿ ಕುಳಿತೆ. ನನಗೂ ಚಪ್ಪಾಳೆ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಹತ್ತಿರ ಕುಳಿತಿದ್ದ. ನನ್ನ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದ. ನನ್ನ ಕಡೆ ತಿರುಗದೆಯೇ ಕೇಳಿದ.

"ಯವ್ವಾ, ನನ್ನ ಮಾಫ್ ಮಾಡೀಯೋ ಇಲ್ಲೋ?"

"ಮಾಡೇನಿ ಅಪ್ಪಾ," ಎಂದೆ.