ಅಮ್ಮನ ಹೆಸರಿನ ಬೀಡಿ ಪಾಸ್‌ಬುಕ್

ಕಾಣಿಯೂರಿನ ನಮ್ಮ ಮನೆಯಲ್ಲಿ ಕಡೆಯ ಎರಡು ವರ್ಷ ಬೀಡಿ ಕಟ್ಟಿದವಳು ನಾನು, ಮಜೂರಿಯ ಲೆಕ್ಕ ಬರೆಯುವ ಪಾಸ್‌ಬುಕ್ ಇದ್ದದ್ದು ಅಮ್ಮನ ಹೆಸರಿನಲ್ಲಿ. ನಮ್ಮ ಕಡೆ ಇದೇನೂ ದೊಡ್ಡ ಸಂಗತಿಯಲ್ಲ. ಅಮ್ಮನ ಪುಸ್ತಕಕ್ಕೆ ಮಗಳು, ಅತ್ತೆಯ ಪುಸ್ತಕಕ್ಕೆ ಸೊಸೆ ಕಟ್ಟುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರುವ ಬ್ರಾಂಚಿನಲ್ಲಿಯೂ ಯಾರೂ ಕೇಳುತ್ತಿರಲಿಲ್ಲ. ಬೀಡಿ ನೆಟ್ಟಗಿದ್ದರೆ ಸಾಕು.

ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದಾಗ ನಾನು ಪುತ್ತೂರಿನ ಗೇರುಬೀಜದ ಫ್ಯಾಕ್ಟರಿ ಕೆಲಸ ಬಿಟ್ಟು ಮನೆಯಲ್ಲಿ ಕೂತೆ. ಆಸ್ಪತ್ರೆಯ ಖರ್ಚಿಗೆ ಸ್ವಸಹಾಯ ಸಂಘದಿಂದ ನನ್ನ ಹೆಸರಿನಲ್ಲಿ ಸಾಲ ತೆಗೆದದ್ದಾಯಿತು. ಕಂತು ವಾರ ವಾರ. ಮನೆಗೆ ಬಂದ ದುಡ್ಡು ಮದ್ದಿಗೂ ಡೈಪರಿಗೂ ಸಾಲುತ್ತಿರಲಿಲ್ಲ. ನಾಲ್ಕು ವಾರ ಕಂತು ತಪ್ಪಿದಾಗ ಸಂಘದ ಆಫೀಸಿನ ಹುಡುಗಿ ಒಂದು ಫಾರ್ಮು ಕೊಟ್ಟಳು.

"ಮನೆಯ ಆದಾಯ, ಖರ್ಚು ಎಲ್ಲ ಬರ್ದು ಕೊಡಿ ಅಕ್ಕ. ಕಂತು ಸಣ್ಣ ಮಾಡ್ಲಿಕ್ಕೆ ಆಗ್ತದಾ ನೋಡುವ."

ಆಗದಿದ್ದರೆ ನಾನು ಪುನಃ ಫ್ಯಾಕ್ಟರಿಗೆ ಹೋಗಬೇಕಿತ್ತು, ಅಮ್ಮನನ್ನು ಒಬ್ಬಳನ್ನೇ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿ.

ಅಮ್ಮನ ಮಂಚದ ಪಕ್ಕದಲ್ಲೇ ಕೂತು ಬರೆದೆ. ಬೀಡಿಯ ಮಜೂರಿ ಅಮ್ಮನದು. ವಿಧವಾ ವೇತನ ಅಮ್ಮನದು. ರೇಶನ್ ಕಾರ್ಡಿನ ಯಜಮಾನಿಗೆ ಬರುವ ಎರಡು ಸಾವಿರ, ಅದೂ ಅಮ್ಮನದೇ. ನನ್ನ ಹೆಸರಿನ ಮುಂದೆ ಸೊನ್ನೆ. ತೊಳೆದದ್ದು, ಮಗ್ಗುಲು ತಿರುಗಿಸಿದ್ದು, ಗಂಜಿ ತಿನ್ನಿಸಿದ್ದು, ನಡುನಡುವೆ ಬೀಡಿ ಕಟ್ಟಿದ್ದು ಯಾವುದಕ್ಕೂ ಆ ಕಾಗದದಲ್ಲಿ ಜಾಗ ಇರಲಿಲ್ಲ. ಕೊನೆಗೆ 'ಅವಲಂಬಿತರು' ಎಂಬಲ್ಲಿ ನನ್ನ ಹೆಸರನ್ನೇ ಹಾಕಬೇಕಾಯಿತು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಎಂದು ಅಮ್ಮ ನನ್ನನ್ನು ಚಿಕ್ಕಂದಿನಲ್ಲಿ ಬೈಯುತ್ತಿದ್ದಳು. ಈಗ ಆ ಕೂತು ಉಣ್ಣುವವಳು ನಾನೇ. ಸಿಟ್ಟು ಬಂತು. ಗಟ್ಟಿಯಾಗಿ ಓದಿ ಹೇಳಿದೆ.

ಅಮ್ಮ ಅರ್ಧ ಬಾಯಿಯಲ್ಲಿ ನಕ್ಕಳು. "ನಾನು ನಿನ್ನನ್ನು ಸಾಕುದಾ?" ಎಂದಳು ತೊದಲುತ್ತಾ. ನಗು ಅಲ್ಲಿಗೇ ಅಳುವಾಯಿತು. ನಾನು ಸಮಾಧಾನ ಮಾಡಲಿಲ್ಲ, ಎದ್ದು ಅಡುಗೆಮನೆಗೆ ಹೋದೆ. ಆ ಒಂದು ನಿಮಿಷಕ್ಕಾಗಿ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಳ್ಳಲು ಆಗುತ್ತಿಲ್ಲ.

ಎರಡು ದಿನ ಬಿಟ್ಟು, ಫಾರ್ಮಿನಲ್ಲಿ ಬರೆದದ್ದು ನಿಜವೋ ಎಂದು ನೋಡಲು ಸಂಘದ ಮೇಲಿನವರೊಬ್ಬರು ಮನೆಗೆ ಬಂದರು. ಅಮ್ಮನನ್ನು ನೋಡಿ, "ಇವರಿಗೆ ಕೈ ಬರುದಿಲ್ಲ ಅಲ್ವಾ? ಬೀಡಿ ಯಾರು ಕಟ್ಟುದು ಮತ್ತೆ?" ಎಂದು ಕೇಳಿದರು.

ನಿಜ ಹೇಳಿದರೆ ಅಮ್ಮನ ಪಾಸ್‌ಬುಕ್ಕಿಗೆ ಏನಾಗುತ್ತದೋ, ಸುಳ್ಳು ಹೇಳಿದರೆ ಸಾಲಕ್ಕೆ ಏನಾಗುತ್ತದೋ.

"ನಾನು," ಎಂದಳು ಅಮ್ಮ.

ಎಡಗೈಯಲ್ಲಿ, ಎಲೆ, ಹೊಗೆಸೊಪ್ಪು ಇಟ್ಟಿದ್ದ ಬೀಡಿಯ ಗೆರಸೆ ತೋರಿಸಿದಳು. ತಲೆದಿಂಬು ಕೊಟ್ಟು ಕೂರಿಸಿ ಅದನ್ನು ಅವಳ ಮಡಿಲಲ್ಲಿಟ್ಟೆ. ದಿನಕ್ಕೆ ಸಾವಿರ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ಎಡಗೈಯಲ್ಲೇ ಎಲೆ ಹಿಡಿದು, ಚಿಟಿಕೆ ಹೊಗೆಸೊಪ್ಪು ಇಟ್ಟು ಸುರುಳಿ ಸುತ್ತಲು ನೋಡಿದಳು. ಎಲೆ ಬಿಚ್ಚಿಕೊಂಡಿತು. ಪುನಃ ಸುತ್ತಿದಳು. ಮೂರನೆಯ ಸಲ ಹೊಗೆಸೊಪ್ಪೆಲ್ಲ ಹೊದಿಕೆಯ ಮೇಲೆ ಚೆಲ್ಲಿತು. ಬಂದವರು ಮಾಡಿನ ಹಂಚು ನೋಡುತ್ತಾ ನಿಂತಿದ್ದರು.

"ಸಾಕಮ್ಮ, ಸಾಕು. ಆಯ್ತು," ಎಂದು ಅವರು ಸಹಿ ಹಾಕಿದರು.

ಕಂತು ಅರ್ಧವಾಯಿತು. ನಾನು ಮನೆಯಲ್ಲಿ ಉಳಿದೆ. ಅಮ್ಮ ಆ ಎಲೆಯನ್ನು ಸಂಜೆಯವರೆಗೂ ಮುಷ್ಟಿಯಿಂದ ಬಿಡಲಿಲ್ಲ. ಮೈ ಒರೆಸುವಾಗ ಬೆರಳು ಬಿಡಿಸಿ ತೆಗೆದೆ, ಪುಡಿಪುಡಿಯಾಗಿತ್ತು.

ಆಮೇಲೆ ಏಳು ತಿಂಗಳು ಇದ್ದಳು. ಅವಳು ಹೋದ ಮೇಲೆ ಪಾಸ್‌ಬುಕ್ ಬ್ರಾಂಚಿಗೆ ಒಪ್ಪಿಸಿದೆ, ವೇತನವೂ ನಿಂತಿತು. ನಾನು ಪುನಃ ಗೇರುಬೀಜದ ಫ್ಯಾಕ್ಟರಿಗೆ ಸೇರಿದೆ. ಸಂಘದಲ್ಲಿ ಲೆಕ್ಕ ಹೊಸದಾಗಿ ಬರೆಯಬೇಕೆಂದರು. ಅದೇ ಹುಡುಗಿ ಹಳೆಯ ಫಾರ್ಮು ಎದುರಿಗಿಟ್ಟುಕೊಂಡು ಮದ್ದಿನ ಮೇಲೆ ಗೆರೆ ಎಳೆದಳು, ಡೈಪರಿನ ಮೇಲೆ ಎಳೆದಳು. ಅವಲಂಬಿತರು ಯಾರು ಎಂದಳು. ಯಾರೂ ಇಲ್ಲ ಎಂದೆ.

"ಈಗ ಖರ್ಚು ಕಡಿಮೆ ಉಂಟಲ್ಲ ಅಕ್ಕ. ಕಂತು ಮೊದಲಿನಷ್ಟೇ ಕಟ್ಬಹುದಲ್ಲ?"

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಅಮ್ಮ ಇಲ್ಲದ ಮೇಲೆ ನನ್ನ ಕೈಯಲ್ಲಿ ದುಡ್ಡು ಉಳಿಯುತ್ತಿತ್ತು. ಆಗಲಿ ಎಂದು ಸಹಿ ಹಾಕಿದೆ, ಆಮೇಲೆ ಅಲ್ಲೇ, ಅವಳ ಮೇಜಿನ ಎದುರೇ, ಅತ್ತುಬಿಟ್ಟೆ.